ನುಸಿ ಹತ್ತಿದ ಗಂಟು

ಹಾರಲಿಲ್ಲ, ನಡೆಯಿತು, ಗೋಡೆಯ ಸುಣ್ಣದ ಮೇಲೆ ಜೋಳದ ಹೊಟ್ಟಿನ ಬಣ್ಣದ ಒಂದು ನುಸಿ, ಅಕ್ಕಿಕಾಳಿನಷ್ಟೂ ಇಲ್ಲ, ವಾಣಿಶ್ರೀ ಹೆಬ್ಬೆರಳಿಟ್ಟು ಒತ್ತಿದಳು, ಬೆರಳಿಗೆ ಹೊಳೆಯುವ ಪುಡಿ ಅಂಟಿತು, ಇಷ್ಟೇ ಇಷ್ಟು ಜೀವ, ಇದಕ್ಕೆ ಹಲ್ಲಾದರೂ ಎಲ್ಲಿವೆ — ಹಾರೋದು ತಿನ್ನಂಗಿಲ್ಲ ತಂಗಿ, ಮೊಟ್ಟಿ ಇಟ್ಟು ಸಾಯ್ತೈತಿ, ತಿನ್ನೋದು ಅದರ ಮರಿಹುಳ, ಹಾಗಂತ ಹೇಳಿಕೊಟ್ಟವಳು ಪೀರ್ ಬೀ, ನೋಡು, ಎಲ್ಲಿಂದ ಹೊರಟರೂ ಅಲ್ಲಿಗೇ, ಪಕ್ಕದ ಅವಳ ಸ್ಟೂಲು ಮೂರು ದಿನದಿಂದ ಖಾಲಿ, ಅದರ ಕಡೆ ನೋಡಬಾರದು, ಇಕ್ಕಳದ ಬಾಯಲ್ಲಿ ಮೀನುಗಾಳದ ಕೊಕ್ಕೆ ಇದೆ, ದಾರ ಐದು ಸುತ್ತು, ಹುಂಜದ ಪುಕ್ಕ ಮೂರು ಸುತ್ತು, ಗಂಟು, ಒಂದು ಸುಳ್ಳು ನೊಣ ತಯಾರು. ಹೊರದೇಶದ ಹೊಳೆಗಳಲ್ಲಿ ಮೀನು ಇದನ್ನು ನಿಜವಾದ ನೊಣ ಅಂತ ನಂಬಿ ಬಾಯಿ ಹಾಕುತ್ತದಂತೆ, ಕೊಟ್ಟೂರಿನ ಈ ಎರಡು ಕೋಣೆಯಲ್ಲಿ ಕೂತು ಐದು ಹೆಂಗಸರು ಕಾಣದ ಮೀನುಗಳಿಗೆ ಮೋಸ ಮಾಡುತ್ತಾರೆ, ಅತ್ತೆ ನಾಗಲಿಂಗಮ್ಮನಿಗೆ ಇವಳು ಹೇಳಿರುವುದು ದಾರದ ಕೆಲಸ ಅಂತ, ಪೂರಾ ಸುಳ್ಳಲ್ಲ, ದಾರ ಇದೆಯಲ್ಲ, ಪುಕ್ಕದ ಮಾತು ಎತ್ತಲಿಲ್ಲ ಅಷ್ಟೇ, ಲಿಂಗ ಕಟ್ಟಿಕೊಂಡ ಮನೆ, ಊಟದ ಹೊತ್ತಿನಲ್ಲಿ ಕೋಳಿಯ ಹೆಸರು ಕೂಡ ಎತ್ತುವಂತಿಲ್ಲ.

ಈ ಕೆಲಸದ ಕೋಣೆಯ ಫ್ರಿಜ್ಜು ಕರೆಂಟಿನ ಏರಿಳಿತಕ್ಕೆ ಸುಟ್ಟು ಹೋಗದಿದ್ದರೆ ಇದೊಂದೂ ಆಗುತ್ತಿರಲಿಲ್ಲ, ಅದೂ ಒಂದು ನೆಪ, ಕುಣಿಯಲಾರದವಳಿಗೆ ನೆಲ ಡೊಂಕು — ಚಿಗಟೇರಿಯಿಂದ ಜವಾರಿ ಹುಂಜದ ತೊಗಲು ಬಂದಿತ್ತು, ಪುಕ್ಕ ಸಮೇತ, ಮಾಲೀಕ ಪಾಲಾಕ್ಷಣ್ಣ ಹಂಚಿದ, ಒಬ್ಬೊಬ್ರು ಒಂದೊಂದು ಗಂಟು ಮನಿಗೆ ಒಯ್ರಿ, ಐಸಿನ ಖಾನ್ಯಾಗ ಹದಿನೈದು ದಿನ ಇಡ್ರಿ, ನುಸಿ ಮೊಟ್ಟಿ ಇದ್ರ ಸಾಯ್ತಾವ. ಆತ್ರಿ ಅಂದಳು. ಆಗಲ್ಲ ಅಂದರೆ ಯಾಕೆ ಅಂತ ಹೇಳಬೇಕಿತ್ತು, ಪಕ್ಕದಲ್ಲೇ ಪೀರ್ ಬೀ, ಬೆರಳು ಹಿಡಿದು ಸುತ್ತು ಹಾಕುವುದನ್ನು ಕಲಿಸಿದವಳು, ಅವಳ ಎದುರಿಗೆ ನಮ್ಮ ಮನೆಗೆ ಇದು ಮೈಲಿಗೆ ಅನ್ನುವುದು ಹೇಗೆ, ನಾಲಿಗೆ ಏಳಲಿಲ್ಲ, ಆಹಾ, ಏನು ಮರ್ಯಾದಸ್ಥೆ. ಸಂಜೆ ಮನೆಯ ಫ್ರಿಜ್ಜಿನ ಬಾಗಿಲು ತೆಗೆದು ನಿಂತಿದ್ದಾಳೆ, ಮೊಸರಿನ ಗಡಿಗೆ, ಪೂಜೆಗೆ ಎತ್ತಿಟ್ಟ ಹಾಲು, ಕೈಯಲ್ಲಿ ಹುಂಜದ ತೊಗಲು, ಪಡಸಾಲೆಯಿಂದ ಅತ್ತೆ, ಬಾಗಿಲ ತಗದು ಏನು ನಿಂತೀಯವಾ, ತಂಪೆಲ್ಲ ಹೋಗ್ತೈತಿ — ಮುಚ್ಚಿದಳು, ಬಚ್ಚಲಿಗೆ ಹೋಗಿ ಹಂಡೆಯ ಮೇಲಿನ ಗೂಡಿನಲ್ಲಿ ಗಂಟನ್ನು ತುರುಕಿದಳು, ಅಲ್ಲಿಗೆ ಅತ್ತೆಯ ಕೈ ಹತ್ತುವುದಿಲ್ಲ, ಬೆಳಗಾದರೆ ನೀರೊಲೆ ಉರಿಯುತ್ತದೆ, ಹದಿನೈದು ದಿನ ಬೆಚ್ಚಗೆ, ಬಾಣಂತಿಯ ಕೂಸಿಗೆ ಮಾಡುವ ಹಾಗೆ ನುಸಿಯ ಮೊಟ್ಟೆಗೆ ಆರೈಕೆ. ಹದಿನಾರನೇ ದಿನ ತಂದುಕೊಟ್ಟು, ಐಸಿನ್ಯಾಗ ಕಲ್ಲಿನಂಗ ಆಗಿತ್ರಿ ಅಂತ ಬೇರೆ ಅಂದಳು, ಯಾರೂ ಕೇಳಿರಲಿಲ್ಲ.

ಎರಡು ತಿಂಗಳಾದ ಮೇಲೆ, ಮೂರು ದಿನದ ಹಿಂದೆ, ಕಳಿಸುವ ಮಾಲು ತೆಗೆಯಲು ಬೀರು ತೆರೆದರೆ ನೊಣಗಳಿಗೆ ಮೈಯೇ ಇಲ್ಲ, ಬರೀ ಕೊಕ್ಕೆ, ಬರೀ ದಾರ, ತಳದಲ್ಲಿ ಪುಕ್ಕದ ಹೊಟ್ಟು, ಡಾಂಬರ ಗುಳಿಗೆಗಳು ಕರಗದೆ ಕೂತಿವೆ, ಯಾರ ಗಂಟಿನ್ಯಾಗ ಬಂತಿದು ಅಂತ ಪಾಲಾಕ್ಷಣ್ಣ, ಪೀರ್ ಬೀ ತಮ್ಮ ಶೇಖಾವಲಿದು ಕೋಳಿ ಅಂಗಡಿ ಐತಲ್ರಿ, ಮನಿ ತುಂಬ ಪುಕ್ಕ ಅಂತ ಎದುರಿಗೆ ಕೂತು ಗಂಟು ಹಾಕುವ ಸುಮಲತಾ, ಪಾಲಾಕ್ಷಣ್ಣ ಇವಳ ಕಡೆ ತಿರುಗಿದ, ಏನವಾ ವಾಣಿ, ನೀ ಬಾಜೂ ಕೂಡಾಕಿ, ನಿನಗೇನು ಅನ್ನಿಸ್ತೈತಿ — ಇರಬಹುದ್ರಿ. ಹಾಗಂದಳು. ಸುಮ್ಮನಿದ್ದರೂ ಆಗುತ್ತಿತ್ತು, ಇರಬಹುದ್ರಿ ಅಂದಳು, ಎಲುಬಿಲ್ಲದ ನಾಲಿಗೆ ಆಗ ಮಾತ್ರ ಚೆನ್ನಾಗಿ ಎದ್ದಿತು. ಪೀರ್ ಬೀ ವಾದ ಮಾಡಲಿಲ್ಲ, ನಾಳಿಂದ ಬರಬ್ಯಾಡವಾ ಅಂತ ಪಾಲಾಕ್ಷಣ್ಣ ಅಂದಾಗಲೂ ಇಲ್ಲ, ಇವಳ ಮುಖವನ್ನು ಒಮ್ಮೆ ನೋಡಿದಳು, ಅಷ್ಟೇ, ಆ ನೋಟವನ್ನು ವಾಣಿಶ್ರೀ ಊಟದಲ್ಲಿ ತಿಂದಿದ್ದಾಳೆ, ನೀರಲ್ಲಿ ಕುಡಿದಿದ್ದಾಳೆ, ಹೇಳಿಬಿಟ್ಟರೆ ಕೆಲಸ ಹೋಗುತ್ತದೆ, ಮನೆಗೂ ಗೊತ್ತಾಗುತ್ತದೆ, ಹೇಳದಿದ್ದರೆ — ಬಾಗಿಲಲ್ಲಿ ಚಪ್ಪಲಿ ಸದ್ದು.

ಪೀರ್ ಬೀಯೇ. ಕತ್ತರಿ ಬಿಟ್ಟು ಹೋಗಿದ್ದೆ, ಒಯ್ತೀನ್ರಿ, ಅಂದಳು ಯಾರಿಗೂ ಅಲ್ಲದ ಹಾಗೆ, ಸ್ವಂತದ ಕತ್ತರಿ, ಸೆರಗಲ್ಲಿ ಒರೆಸಿದಳು, ಯಾರೂ ಕೇಳದಿದ್ದರೂ ಚೀಲದ ಒಳಮೈ ಹೊರಗೆ ಮಾಡಿ ಎಲ್ಲರ ಮುಂದೆ ಕೊಡವಿದಳು, ಒಂದು ಪುಕ್ಕವೂ ಉದುರಲಿಲ್ಲ, ವಾಣಿಶ್ರೀಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆಮೇಲೆ ಬಗ್ಗಿ, ಕಿವಿಯ ಹತ್ತಿರ, ಸಿಟ್ಟಿಲ್ಲದ ದನಿ, ನಿನ್ನ ಗಂಟು ಬಿಚ್ಚಿದಾಕಿ ನಾನ ತಂಗಿ, ಹೊಗಿ ವಾಸನಿ ಬಂತು, ಐಸಿನ್ಯಾಗಿದ್ದ ತೊಗಲು ಹೊಗಿ ಯಾಕ ನಾರ್ತೈತಿ, ಎಲ್ಲಾರ ಮುಂದ ನಿನಗ ನಾಚಿಕಿ ಆಗ್ತೈತಂತ ಸುಮ್ಕಾದೆ, ಅದು ನನ್ನ ತಪ್ಪು. ನಿಮ್ಮ ಮನ್ಯಾಗ ನಡಿಯಂಗಿಲ್ಲಂತ ನನಗ ಗೊತ್ತಿಲ್ಲೇನು, ಕೇಳ್ತಿ ಅಂತ ನಮ್ಮ ಫ್ರಿಜ್ಜಿನ್ಯಾಗ ನಿನಗ ಜಾಗ ಬಿಟ್ಟಿದ್ದೆ, ಒಂದು ಗೇಣು, ಹದಿನೈದು ದಿನಾನೂ. ಹೋದಳು. ಪಾಲಾಕ್ಷಣ್ಣ ಒಳಕೋಣೆಯಲ್ಲೇ ಇದ್ದಾನೆ, ಏಳಬೇಕು, ನಾಲ್ಕು ಹೆಜ್ಜೆ, ಎದ್ದಳು, ಏನಂದಳ ಆಕಿ ಅಂತ ಸುಮಲತಾ, ಏನಿಲ್ಲ ಬಿಡ ಅಂದಳು ವಾಣಿಶ್ರೀ, ಮತ್ತೆ ಕೂತಳು, ದಾರ ಒಂದು ಸುತ್ತು, ಒಂದು ಗೇಣು, ತಾನು ಕಂಡೇ ಇರದ ಫ್ರಿಜ್ಜು, ಮೇಲಿನ ಖಾನೆ, ಆ ಕಡೆ ಪೀರ್ ಬೀಯ ಗಂಟು, ಈ ಕಡೆ ಬಿಳಿ ಮಂಜು, ದಾರ ಎರಡು ಸುತ್ತು, ದಿನಾ ಬಾಗಿಲು ತೆಗೆದು ನೋಡಿ ದಿನಾ ಹಾಗೇ ಬಿಟ್ಟ ಜಾಗ, ಒಂದು ಗೇಣು, ಎಷ್ಟನೇ ಸುತ್ತು ಇದು, ಬಿಳಿ ಮಂಜು, ಒಂದು ಗೇಣು, ಖಾಲಿ