ಅಜ್ಜಿ ಕೂತ ಗೆರೆ

ನಮ್ಮ ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಬಿಳಿ ಅಂಗಿಯಿತ್ತು. ಕಾಲರು, ಗುಂಡಿ, ಜೇಬಿನ ಮಡಿಕೆ ಎಲ್ಲ ಸ್ಪಷ್ಟ. ಕಾಲರಿನ ಮೇಲೆ ಇರಬೇಕಾದ ಮುಖ ಮಾತ್ರ ಬರೀ ಕತ್ತಲು. ಅದು ನನ್ನ ಅಜ್ಜನ ಪಟ. ನಾನು ಹುಟ್ಟುವ ಮೊದಲೇ ತೀರಿಕೊಂಡವನು. ಹಬ್ಬ ಬಂದರೆ ನಾವು ಆ ಅಂಗಿಗೆ ಹೂ ಹಾಕಿ ಕೈಮುಗಿಯುತ್ತಿದ್ದೆವು.

ನಾವು ಸಿದ್ದಿಗಳು. ಯಾವುದೋ ಕಾಲದಲ್ಲಿ ನಮ್ಮ ಹಿರಿಯರನ್ನು ಕಡಲಾಚೆಯಿಂದ ಹಡಗಿನಲ್ಲಿ ತಂದು ಮಾರಿದರಂತೆ. ಆಮೇಲೆ ಕಾಡು ಸೇರಿ ಈ ಮಣ್ಣಿನವರೇ ಆದೆವು. ಆದರೂ ಪೇಟೆಗೆ ಹೋದರೆ, "ನಿಮ್ಮದು ಯಾವ ದೇಶ?" ಎಂದು ಕೇಳುವವರಿಗೇನೂ ಬರವಿರಲಿಲ್ಲ. ಅಜ್ಜಿ, "ನಿಮ್ಮ ಹಿತ್ತಲಾಚೆಯ ದೇಶ" ಎಂದು ಹೇಳಿ ಮುಂದೆ ನಡೆಯುತ್ತಿದ್ದಳು.

ಊರಿಗೆಲ್ಲ ಇದ್ದದ್ದು ಪೇಟೆಯ ದೇವಣ್ಣ ಶೇಟರ ಫೋಟೊ ಸ್ಟುಡಿಯೊ ಒಂದೇ. ಅಲ್ಲಿಂದ ಬಂದ ನಮ್ಮವರ ಪಟಗಳೆಲ್ಲ ಹೀಗೇ. ಮದುವೆಯ ಪಟದಲ್ಲಿ ಸೀರೆಯುಂಟು, ಮದುಮಗಳಿಲ್ಲ. ಪೇಟೆಯವರು ನೋಡಿ ನಕ್ಕರೆ ಮೈ ಉರಿಯುತ್ತಿತ್ತು. ಆದರೂ ತಪ್ಪು ನಮ್ಮ ಬಣ್ಣದ್ದೇ ಎಂದು ನಾವೂ ನಂಬಿಬಿಟ್ಟಿದ್ದೆವು.

ಒಂದು ವರ್ಷ ಅಜ್ಜಿ ಜೋರು ಜ್ವರ ಬಂದು ಮಲಗಿದಳು. ಎದ್ದು ಕೂತವಳೇ, "ನಾನು ಬರೀ ಸೀರೆಯಾಗಿ ಗೋಡೆ ಹತ್ತೋಳಲ್ಲ. ಮೊಮ್ಮಕ್ಕಳ ಮಕ್ಕಳಿಗೆ ನನ್ನ ಮುಖ ಬೇಕು. ನಡಿ ಪೇಟೆಗೆ," ಎಂದಳು.

ಸ್ಟುಡಿಯೊದ ನೆಲದ ಮೇಲೆ ಬಣ್ಣದ ಗೆರೆ ಎಳೆದಿದ್ದರು. ಸ್ಟೂಲು ಇಲ್ಲಿ, ದೀಪಗಳು ಅಲ್ಲಿ; ಯಾರು ಬಂದರೂ ಅವು ಕದಲುತ್ತಿರಲಿಲ್ಲ. ಶೇಟರು ವಾಡಿಕೆಯಂತೆ ಪೌಡರ್ ಡಬ್ಬಿ ಹಿಡಿದು ಬಂದರು.

"ಅದೆಂತಕ್ಕೆ?" ಎಂದಳು ಅಜ್ಜಿ.

"ಸ್ವಲ್ಪ ಬೆಳ್ಳಗೆ ಕಾಣ್ಲಿ ಅಂತ, ಅಮ್ಮಾ."

"ನಾನೇನು ಬೂದುಗುಂಬಳವಾ, ಶೇಟ್ರೇ? ಇದ್ದ ಮುಖ ಸಾಕು."

ಶೇಟರು ಕೆಟ್ಟವರಲ್ಲ. "ಕ್ಯಾಮೆರಾಕ್ಕೆ ಭೇದಭಾವ ಇಲ್ಲಮ್ಮ. ಎಲ್ಲರಿಗೂ ಇದೇ ದೀಪ, ಇದೇ ಗೆರೆ," ಎಂದರು.

"ಈ ಗೆರೆ ಯಾರನ್ನ ಕೂರಿಸಿ ಹಾಕಿದ್ದು?" ಎಂದು ನಾನು ಕೇಳಿದೆ.

"ನಮ್ಮಪ್ಪ ಹಾಕಿದ್ದು. ಸ್ಟುಡಿಯೊ ಶುರು ಮಾಡುವಾಗ ನಮ್ಮಮ್ಮನ್ನ ಕೂರಿಸಿ ನೋಡಿ..." ಎನ್ನುತ್ತ ಶೇಟರು ಬಾಗಿಲ ಕಡೆ ತಲೆಯೆತ್ತಿದರು.

ಅವರ ತಾಯಿಯ ಪಟ ಬಾಗಿಲ ಮೇಲಿತ್ತು, ಹಾಲಿನಂಥ ಬಣ್ಣದ ಹೆಂಗಸು. ಅಂದಿನಿಂದ ಊರಿಗೆ ಊರೇ ಆಕೆಯ ಮುಖಕ್ಕೆ ಹೊಂದಿಸಿದ ಬೆಳಕಿನಲ್ಲಿ ಕೂತೆದ್ದಿತ್ತು. ನನಗೆ ಸಿಟ್ಟು ಬಂತು. ಅದರ ಬೆನ್ನಿಗೇ ಮನಸ್ಸು ಹಗುರವೂ ಆಯಿತು, ತಪ್ಪು ನಮ್ಮ ಮುಖದ್ದಲ್ಲವಲ್ಲ ಎಂದು.

"ಹಂಗಾರೆ ಇವತ್ತು ನನ್ನ ಕೂರಿಸಿ ಇನ್ನೊಂದು ಗೆರೆ ಹಾಕಿ," ಎಂದಳು ಅಜ್ಜಿ, ಪಕ್ಕದ ಮನೆಯಲ್ಲಿ ಉಪ್ಪು ಕೇಳುವಷ್ಟು ಸಲೀಸಾಗಿ.

ಶೇಟರು ಗೊಣಗಿದರು, ಫಿಲ್ಮು ದಂಡ ಎಂದರು. ಆದರೂ ದೀಪ ಒಂದಿಷ್ಟು ಹತ್ತಿರ ತಂದು ಪಟ ತೆಗೆದರು. ಮುಂದಿನ ಸಂತೆಗೆ ಹೋಗಿ ನೋಡಿದರೆ ಮತ್ತೆ ಸೀರೆಯೇ ಬಂದಿತ್ತು. ನನಗೆ ಸಪ್ಪೆಯಾಯಿತು, ಶೇಟರಿಗೆ ಹಟ ಹತ್ತಿತು. ಬೆಳಕೆಲ್ಲ ಬಿಳಿಯದಕ್ಕೇ ಹೋಗುತ್ತದೆ ಎಂದು ಹಿಂದಿನ ಬಿಳಿ ಪರದೆ ಬಿಚ್ಚಿಹಾಕಿದರು, ಅಜ್ಜಿಗೆ ಕರಿ ಕಂಬಳಿ ಹೊದಿಸಿದರು, ದೀಪವನ್ನು ಕೆನ್ನೆಯ ಪಕ್ಕಕ್ಕೇ ತಂದರು.

"ಅಲ್ಲಾಡಬೇಡಿ. ನಗಬೇಡಿ."

"ನೀವು ಮೊದಲು ನಗಿಸಬೇಡಿ," ಎಂದಳು ಅಜ್ಜಿ.

ಆ ಸಲದ ಪಟವನ್ನು ಶೇಟರು ತಾವೇ ಅಜ್ಜಿಯ ಕೈಗಿಟ್ಟರು. ಹಣೆಯ ನೆರಿಗೆ, ಮೂಗಿನ ಮೇಲಿನ ಹೊಳಪು, ತುಟಿಯಂಚಿನಲ್ಲಿ ತಡೆದಿಟ್ಟ ನಗು ಎಲ್ಲ ಇತ್ತು. ಅಜ್ಜಿ ಬಹಳ ಹೊತ್ತು ನೋಡಿದಳು. "ಇವಳು ನಾನೇ," ಎಂದಳು. ನನಗೆ ಖುಷಿಗೆ ಅಳು ಬಂತು.

ಶೇಟರು ಎರಡನೆಯ ಗೆರೆಗೂ ಬಣ್ಣ ಹಚ್ಚಿದರು. ನಮ್ಮವರು ಬಂದರು, ಬಿಸಿಲಲ್ಲಿ ದುಡಿದು ಕಪ್ಪಾದ ಬೇರೆಯವರೂ ಬಂದರು. ದೀಪ ಹಚ್ಚುವ ಮೊದಲು ಎದುರಿಗಿದ್ದವರ ಮುಖ ನೋಡುವುದು ಶೇಟರಿಗೆ ರೂಢಿಯಾಯಿತು. ಅಜ್ಜ ಮಾತ್ರ ಅಂಗಿಯಾಗಿಯೇ ಉಳಿದ, ಅದಕ್ಕೆ ಮದ್ದಿರಲಿಲ್ಲ.

ಅಜ್ಜಿ ಹೋಗಿ ಎಷ್ಟೋ ವರ್ಷಗಳ ಮೇಲೆ ನನ್ನ ಮಗಳು ಹುಟ್ಟಿದಳು. ಮಾತು ಕಲಿತ ಹೊಸತು. ಒಂದು ಮಧ್ಯಾಹ್ನ ಅಜ್ಜಿಯ ಪಟದ ಕೆಳಗೆ ಮುಖವೆತ್ತಿ ಕೂತಿದ್ದಳು. ಊಟಕ್ಕೆ ಕರೆದರೆ ತುಟಿಗೆ ಬೆರಳಿಟ್ಟು, "ಶ್, ಈಗ ನಗ್ತಾಳೆ," ಎಂದಳು. ನಾನೂ ಪಕ್ಕದಲ್ಲಿ ಕೂತೆ.