ಎಡಗೆನ್ನೆಯ ಬೆವರು

ಕೆಲಸದ ಮಾತೆತ್ತಿದರೆ ಸಾಕು, ಗಂಡನ ಎಡಗೆನ್ನೆ ಬೆವರುತ್ತದೆ ಎಂಬುದು ವಸಂತಾಳ ಕಣ್ಣಿಗೆ ಬಿದ್ದದ್ದು 2002ರ ಅಕ್ಟೋಬರಿನಲ್ಲಿ. ಕೆನಡಾದ ರಿಚ್ಮಂಡ್ ಹಿಲ್‌ನಲ್ಲಿ ಆಗಲೇ ಕೋಟು ಹಾಕಿಕೊಳ್ಳುವಷ್ಟು ಚಳಿ. ಗಂಡ ಸತ್ಯಪ್ರಕಾಶ ಪಕ್ಕದ ಊರು ವಾನ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಅವನ ವಿಭಾಗದಲ್ಲಿ ಬೇಸಿಗೆಯಿಂದ ಒಬ್ಬೊಬ್ಬರನ್ನೇ ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದರು. ಹಾಗಾಗಿ ಸಂಜೆ ಊಟಕ್ಕೆ ಕೂತಾಗ ಆಫೀಸಿನಲ್ಲಿ ಏನಾಯಿತೆಂದು ಕೇಳುವುದು ಅವಳಿಗೆ ವಾಡಿಕೆಯಾಗಿತ್ತು. ಅವನು ಏನಿಲ್ಲ ಎನ್ನುವಷ್ಟರಲ್ಲಿ ಕಿವಿಯ ಮುಂದೆ ಅಂಗೈಯಗಲ ಕೆಂಪಾಗಿ, ಹನಿ ಮೂಡುತ್ತಿತ್ತು. ಬಲಗೆನ್ನೆ ಒಣಗಿಯೇ ಇರುತ್ತಿತ್ತು. ಸಾರು ಖಾರವಾಗಿದೆ ಎನ್ನುತ್ತಿದ್ದ. ಅವಳು ಒಂದು ವಾರ ಖಾರ ಅರ್ಧ ಮಾಡಿದಳು. ಬೆವರು ನಿಲ್ಲಲಿಲ್ಲ.

ಬಾಯಿ ಸುಳ್ಳು ಹೇಳಿದರೂ ಮೈ ಬಿಟ್ಟುಕೊಡುತ್ತದೆ ಎಂದು ಅವಳ ನಂಬಿಕೆ. ಕೆಲಸ ಹೋಗಿದೆ, ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಎಲ್ಲೋ ಕೂತು ಬರುತ್ತಿದ್ದಾನೆ ಎಂದು ತೀರ್ಮಾನಿಸಿದಳು. ಒಂದು ಮಧ್ಯಾಹ್ನ ಆಫೀಸಿಗೆ ಫೋನ್ ಮಾಡಿದಳು. ಎರಡನೇ ರಿಂಗಿಗೇ ಅವನ ದನಿ ಕೇಳಿತು. ಮಾತಾಡದೆ ಇಟ್ಟುಬಿಟ್ಟಳು. ಆ ಸಮಾಧಾನ ಒಂದು ಗಳಿಗೆಯೂ ಉಳಿಯಲಿಲ್ಲ. ಕೆಲಸದ ವಿಷಯವಲ್ಲದಿದ್ದರೆ ಮತ್ತೇನು? ಅಂದಿನಿಂದ ಅವನ ಕೋಟಿನ ಜೇಬುಗಳನ್ನು ತಡಕತೊಡಗಿದಳು, ಕಾರು ಎಷ್ಟು ಕಿಲೋಮೀಟರು ಓಡಿದೆ ಎಂದು ನೋಡತೊಡಗಿದಳು.

ನವೆಂಬರಿನಲ್ಲಿ ಅವನು ತಟ್ಟೆ ಹಿಡಿದು ಬೇಸ್‌ಮೆಂಟಿಗೆ ಹೋಗಲು ಶುರುಮಾಡಿದ. ಟಿವಿ ನೋಡಬೇಕಂತೆ. ಒಂದು ಭಾನುವಾರ ಮಧ್ಯಾಹ್ನ ಅವಳು ಸದ್ದಿಲ್ಲದೆ ಮೆಟ್ಟಿಲಿಳಿದಳು. ಟಿವಿ ಹಾಕಿರಲೇ ಇಲ್ಲ. ಊಟ ಅರ್ಧಕ್ಕೆ ಬಿಟ್ಟು ಅವನು ಬಾತ್‌ರೂಮಿನ ಕನ್ನಡಿಯೆದುರು ನಿಂತು, ಕಿವಿಯ ಕೆಳಗಿನ ಹೊಲಿಗೆಯ ಗುರುತನ್ನು ಬೆರಳಿಂದ ಒತ್ತಿ ಒತ್ತಿ ನೋಡುತ್ತಿದ್ದ. ಹಿಂದಿನ ವರ್ಷ ಅಲ್ಲಿನ ಜೊಲ್ಲುಗ್ರಂಥಿಯಿಂದ ಒಂದು ಗಡ್ಡೆ ತೆಗೆದಿದ್ದರು.

"ಏನ್ ಮುಚ್ಚಿಡ್ತಿದೀರಿ ನನ್ನಿಂದ?" ಎಂದಳು.

ಅವನು ತಿರುಗಲಿಲ್ಲ. "ಕೆನ್ನೆ ಹೀಗೆ ಬೆವರೋದು ನೋಡಿದ್ರೆ ಗಡ್ಡೆ ವಾಪಸ್ ಬಂದಿದೆ ಅನ್ಸತ್ತೆ ಕಣೇ. ಡಾಕ್ಟರ್ ಹತ್ರ ಹೋದ್ರೆ ಹೌದು ಅಂದ್ಬಿಡ್ತಾರೇನೋ ಅಂತ ಭಯ."

ಮರುದಿನವೇ ಅವಳು ಆಪರೇಷನ್ ಮಾಡಿದ್ದ ಡಾಕ್ಟರರಿಗೆ ಫೋನ್ ಮಾಡಿ, ಅದೇ ವಾರ ಅವನನ್ನು ಕರೆದೊಯ್ದಳು. ಅವರು ಕಿವಿಯ ಕೆಳಗೆಲ್ಲ ಒತ್ತಿ ನೋಡಿದರು. ಗಡ್ಡೆ ಸಿಗಲಿಲ್ಲ. ನಗಲು, ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿದರು. ಮುಖದ ಸ್ನಾಯುಗಳೆಲ್ಲ ಹೇಳಿದ ಮಾತು ಕೇಳಿದವು. ಆಮೇಲೆ ಎಡಗೆನ್ನೆಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಕಾರ್ನ್‌ಫ್ಲೋರ್ ಉದುರಿಸಿ, ಬಾಯಿಗೊಂದು ನಿಂಬೆಹುಳಿಯ ಮಿಠಾಯಿ ಕೊಟ್ಟರು. ಯಾರೂ ಅವನನ್ನು ಏನೂ ಕೇಳಲಿಲ್ಲ, ಅವನು ಏನೂ ಹೇಳಲಿಲ್ಲ. ವಸಂತಾ ನೋಡುತ್ತಿದ್ದಂತೆಯೇ ಕೆನ್ನೆ ಕಡುನೀಲಿಯಾಯಿತು. ಬೆವರು ತಾಗಿದಲ್ಲೆಲ್ಲ ಹಾಗಾಗುತ್ತದಂತೆ.

ನರ ಆಜ್ಞೆ ಕೊಡುತ್ತದೆ ಅಷ್ಟೆ, ಅದನ್ನು ನಡೆಸುವುದು ಸ್ನಾಯು, ಇಲ್ಲವೇ ಗ್ರಂಥಿ ಎಂದು ಡಾಕ್ಟರು ವಿವರಿಸಿದರು. ಆಪರೇಷನ್ನಿನಲ್ಲಿ ತುಂಡಾದ, ಜೊಲ್ಲು ಸುರಿಸುವ ನರದ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪಿ, ಚರ್ಮದ ಬೆವರುಗ್ರಂಥಿಗಳನ್ನು ಹೋಗಿ ಸೇರಿದ್ದವು. ಬಾಯಲ್ಲಿ ನೀರೂರಬೇಕಾದಾಗ ಕೆನ್ನೆ ಬೆವರುತ್ತಿತ್ತು. ವಸಂತಾ ಕೆಲಸದ ಮಾತೆತ್ತುತ್ತಿದ್ದುದು ಊಟಕ್ಕೆ ಕೂತಾಗಲೇ. ಅಪಾಯವೇನಿಲ್ಲ, ಬೆವರು ತಡೆಯುವ ಮುಲಾಮು ಹಚ್ಚಿದರೆ ಸಾಕು ಎಂದರು.

ಮನೆಗೆ ಮರಳುವಾಗ ಕಾರಿನಲ್ಲಿ ಅವಳು, ಆಫೀಸಿಗೆ ಫೋನ್ ಮಾಡಿದ್ದನ್ನೂ ಜೇಬು ತಡಕಿದ್ದನ್ನೂ ಒಪ್ಪಿಕೊಂಡಳು. ಅವನು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ ಅವಳತ್ತ ತಿರುಗಿದ.

"ನನ್ನನ್ನೇ ಕೇಳ್ಬಹುದಿತ್ತಲ್ಲ?"

"ನೀವೇ ಹೇಳ್ಬಹುದಿತ್ತಲ್ಲ?"

ಮುಲಾಮು ಒಂದು ವಾರದಲ್ಲಿ ಕೆಲಸ ಮಾಡಿತು. ಅವನ ಮುಖವನ್ನೇ ಕಾಯುತ್ತ ಕೂರುವ ಅಭ್ಯಾಸ ಬಿಡಲು ಮಾತ್ರ ವಸಂತಾಳಿಗೆ ಆ ಚಳಿಗಾಲ ಪೂರ್ತಿ ಹಿಡಿಯಿತು.