ಸಾವಿರನೆಯ ಮನೆ

ಶನಿವಾರ ಹನ್ನೆರಡರ ಸೊರಬದ ಬಸ್ಸಿನಲ್ಲಿ ಬಂದ ಲಕೋಟೆಗೆ ಒಂದು ಮಡಿಕೆಯೂ ಬಿದ್ದಿರಲಿಲ್ಲ. ಕಂಡಕ್ಟರ್ ಕೊಟ್ರೇಶ್ ಅದನ್ನು ತನ್ನ ಸೀಟಿನ ಮೇಲೆ ಮಲಗಿಸಿ, ತಾನು ಶಿಕಾರಿಪುರದವರೆಗೂ ನಿಂತೇ ಬಂದಿದ್ದ.

"ಕಂಪ್ಯೂಟರ್ ಕಾಗದ ನೋಡ್ರಿ ಮೇಡಂ, ಮಡಚಿದ್ರೆ ಏನಾಗತೈತೋ ಏನೋ," ಎಂದ.

ಸಂಘಮಿತ್ರಾ ನಗುತ್ತ, ಬಟ್ಟೆ ಅಂಗಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದ ಮೆಟ್ಟಿಲು ಹತ್ತಿದಳು. ಅವಳು ಅಲ್ಲಿ ಪಾಠ ಹೇಳುತ್ತಿದ್ದಳು. ಜಡೆ ಊರಿನ ಚೌಡೇಶ ಅದೇ ಕೇಂದ್ರದ ಸೊರಬದ ಶಾಖೆಯಲ್ಲಿದ್ದ. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಇಬ್ಬರೂ ಸೇರಿ ಒಂದು ಪ್ರೋಗ್ರಾಂ ಬರೆಯುತ್ತಿದ್ದರು. ಹೊಸ ಕಂಪ್ಯೂಟರು ಹಳೆಯದರ ವೇಷ ಹಾಕಿ, ಥೇಟ್ ಅದರಂತೆಯೇ ನಡೆದುಕೊಳ್ಳಬೇಕು.

ಇದೆಲ್ಲ ರಾಜೇಶ್ವರಮ್ಮನವರಿಗಾಗಿ. ಸೊರಬದ ಒಂದು ಪುಟ್ಟ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದ ಅವರು ಎರಡು ವರ್ಷ ಕೂತು, ಒಂದೇ ಬೆರಳಿನಲ್ಲಿ ಅಲ್ಲಿನ ಪುಸ್ತಕಗಳ ಪಟ್ಟಿಯನ್ನೆಲ್ಲ ಟೈಪು ಮಾಡಿದ್ದರು. ಆಮೇಲೆ ಆ ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿತು. ಉಳಿದದ್ದು ಒಂದು ಫ್ಲಾಪಿ. ಹೊಸ ಯಂತ್ರ ಅದನ್ನು ಓದದು, ನಕಲೂ ಮಾಡದು. ಇವತ್ತು ನಾಲ್ಕು ಗಂಟೆಗೆ ಅವರು ಫ್ಲಾಪಿ ಹಿಡಿದು ಚೌಡೇಶನ ಬಳಿ ಬರುವವರಿದ್ದರು.

ಇಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಒಬ್ಬರು ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ಕಾಗದದ ಮೇಲೆ ಓದಿ ಸಹಿ ಹಾಕಬೇಕು. ತಪ್ಪಿಗೆ ಪೆನ್ಸಿಲ್ ಗುರುತೇ ಹೊರತು ಕೆಂಪು ಶಾಯಿ ಇಲ್ಲ. ತಿದ್ದಿದ ಮೇಲೆ ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ.

ಮಧ್ಯಾಹ್ನದ ತರಗತಿ ಮುಗಿಸಿ ಅವಳು ಚೌಡೇಶನ ಲಕೋಟೆ ಬಿಚ್ಚಿ ಓದಲು ಕೂತಾಗ ಮೂರು ದಾಟಿತ್ತು. ಯಂತ್ರದ ಮೆಮೊರಿ ಎಂದರೆ ಚೌಕಾಬಾರದ ಹಾಸಿನಂತೆ ಸಾಲಾಗಿ ಮನೆಗಳು. ಯಾರಿಗೆ ಯಾವ ಮನೆ ಎಂದು ಚೌಡೇಶ ಹೊಸದಾಗಿ ಹಂಚಿದ್ದ. ಪ್ರಿಂಟರಿಗೆ ಐನೂರರಿಂದ ಸಾವಿರ. ಪುಸ್ತಕದ ಪಟ್ಟಿಗೆ ಸಾವಿರದಿಂದ ಮುಂದಕ್ಕೆ.

ಅವಳ ಪೆನ್ಸಿಲ್ ನಿಂತಿತು. ಸಾವಿರನೆಯ ಮನೆ ಇಬ್ಬರ ಪಾಲಿಗೂ ಬಿದ್ದಿತ್ತು. ಪ್ರಿಂಟರು ಎದ್ದ ಕೂಡಲೇ ತನ್ನ ಮನೆಗಳನ್ನೆಲ್ಲ ಗುಡಿಸಿ ಸೊನ್ನೆ ಇಡುತ್ತದೆ. ಪಟ್ಟಿಯ ಮೊದಲ ಮನೆಯಲ್ಲಿರುವುದು ಒಟ್ಟು ಎಷ್ಟು ಪುಸ್ತಕ ಎಂಬ ಸಂಖ್ಯೆ. ಅದು ಸೊನ್ನೆಯಾದರೆ, ಪುಸ್ತಕವೇ ಇಲ್ಲವೆಂದು ತಿಳಿದ ಯಂತ್ರ ಫ್ಲಾಪಿಯ ಮೇಲೆ ಖಾಲಿ ಪಟ್ಟಿ ಬರೆದುಬಿಡುತ್ತದೆ.

ಫೋನು ಎರಡು ಸಲ ಎಂಗೇಜು. ಮೂರನೆಯ ಸಲ ಚೌಡೇಶ ಎತ್ತಿದ.

"ಫ್ಲಾಪಿ ಹಾಕಿದಿರಾ?"

"ಇಲ್ಲ ಮೇಡಂ. ಅಮ್ಮಾವ್ರು ಆಗಲೇ ಬಂದು ಕೂತಿದಾರೆ, ನಿಮ್ಮ ಫೋನು ಬರಲಿ ಅಂತಿದ್ದೆ."

ಅವಳಿಗೆ ಉಸಿರು ಬಂತು. "ಸಾವಿರನೆಯ ಮನೆ ಯಾರದು ಚೌಡೇಶ್?"

"ಇಬ್ಬರದೂ. ಗದ್ದೆ ಬದು ಇದ್ದಂಗೆ. ನಮ್ಮ ಕಡೆಯಿಂದ ಅಳೆದ್ರೂ ಬದು ಸೇರ್ತದೆ, ಪಕ್ಕದೋರು ಅಳೆದ್ರೂ ಸೇರ್ತದೆ. ನಮ್ಮಪ್ಪ ಹಂಗೇ ಅಳೆಯೋದು."

"ನಿಮ್ಮಪ್ಪನವರ ಬದುವಿನ ಮೇಲೆ ಇಬ್ಬರೂ ಓಡಾಡಬಹುದು. ಈ ಪ್ರಿಂಟರಪ್ಪ ಬದು ಕಡಿದು ಪಕ್ಕದವರ ಭತ್ತವನ್ನೂ ಕುಯ್ದುಕೊಂಡು ಹೋಗ್ತಾನೆ. ಅವನನ್ನ ಒಂಬೈನೂರ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿ."

ಆಚೆ ಕೀಲಿಗಳ ಸದ್ದು.

"ಮೇಡಂ, ನೀವು ಹೇಳಿದ್ದನ್ನೂ ಯಾರಾದ್ರೂ ಓದಬೇಕಲ್ವಾ? ಅದಕ್ಕೇ ಓದಿದೆ. ಕೆಳಗೆ ಒಟ್ಟು ಮನೆ ಐನೂರ ಒಂದು ಅಂತ ಬೇರೆ ಬರೆದೀನಿ. ಪ್ರಿಂಟರು ಗುಡಿಸೋದು ಆ ಒಟ್ಟು ನೋಡ್ಕಂಡು. ಅದನ್ನ ಬಿಟ್ರೆ ಮತ್ತೆ ಬದು ಕಡಿಯೋದೇ."

ಆ ಸಾಲು ಅವಳ ಕಣ್ಣೆದುರಿಗೇ ಇತ್ತು. ಅವಳು ಗಮನಿಸದೆ ದಾಟಿ ಬಂದಿದ್ದಳು. "ಐನೂರು ಮಾಡಿ," ಎಂದಳು ಮೆಲ್ಲಗೆ. "ಈಗ ಹಾಕಿ."

ಫ್ಲಾಪಿ ಗರಗರ ತಿರುಗಿದ್ದು ಶಿಕಾರಿಪುರಕ್ಕೂ ಕೇಳಿಸಿತು. ನಂತರ ಫೋನಿನಲ್ಲಿ ರಾಜೇಶ್ವರಮ್ಮನವರ ದನಿ.

"ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಕಣಮ್ಮ. ಒಂದೂ ಹೋಗಿಲ್ಲ. ಈ ಹುಡುಗ ಬಾಗಿಲಲ್ಲೇ ಹೇಳಿದ್ದ, ಮೇಡಂ ಓದದೆ ನಿಮ್ಮ ಫ್ಲಾಪಿ ಮುಟ್ಟಲ್ಲ ಅಂತ. ನಾನೇ ಅವಸರ ಮಾಡ್ತಿದ್ದೆ."

ಸಂಘಮಿತ್ರಾ ಪೆನ್ಸಿಲ್ ಗುರುತುಗಳನ್ನು ಅಳಿಸಿದಳು. 'ಓದಿದವರು' ಎಂಬಲ್ಲಿ ತನ್ನ ಹೆಸರು ಬರೆದು, ಪಕ್ಕದಲ್ಲಿ ಚೌಡೇಶನ ಹೆಸರನ್ನೂ ಸೇರಿಸಿದಳು. ಐದರ ಬಸ್ಸಿಗೆ ಕೊಟ್ರೇಶ್ ವಾಪಸು ಹೊರಡುತ್ತಾನೆ. ಲಕೋಟೆಯನ್ನು ಮಡಚದೆ ಹಿಡಿದು ಮೆಟ್ಟಿಲಿಳಿದಳು.